ಸಹಾಯ ಬೇಕು: 400 ಕಿಲೋಮೀಟರ್ ಹಾರಾಟಕ್ಕೆ ನಿಜವಾಗಿ ಎಷ್ಟು ಹೊತ್ತು ಹಿಡಿಯುತ್ತದೆ?

ಎಲ್ಲರಿಗೂ ನಮಸ್ಕಾರ. ಎರಡು ಸಣ್ಣ ವಿಮಾನ ನಿಲ್ದಾಣಗಳ ನಡುವೆ ಅಮ್ಮನನ್ನು ಕರೆದುಕೊಂಡು ಹೋಗಬೇಕಿದೆ. ನೇರ ದೂರ 400 ಕಿಲೋಮೀಟರ್. ವಿಮಾನ ಎಟಿಆರ್ 72, ವೇಗ ಗಂಟೆಗೆ ಸುಮಾರು 500 ಕಿಲೋಮೀಟರ್. ಲೆಕ್ಕದ ಪ್ರಕಾರ 48 ನಿಮಿಷ ಸಾಕು, ಅಲ್ವಾ? ಟಿಕೆಟ್‌ನಲ್ಲಿ ಮಾತ್ರ 1 ಗಂಟೆ 15 ನಿಮಿಷ ಅಂತಿದೆ. ನಿಂತ ಜಾಗದಿಂದ ರನ್‌ವೇವರೆಗೆ ಉರುಳುವುದು, ನಿಧಾನವಾಗಿ ಮೇಲೇರುವುದು, ಸುತ್ತು ಹಾಕಿ ಇಳಿಯುವುದು ಎಲ್ಲವೂ ಅದರಲ್ಲೇ ಸೇರಿರುತ್ತದೆ, ಸರಿ. ನನ್ನ ಚಿಂತೆ ಎದುರುಗಾಳಿಯದು. ಗಾಳಿ ಗಂಟೆಗೆ 60 ಕಿಲೋಮೀಟರ್ ಇದ್ದರೆ 48 ನಿಮಿಷ ಸುಮಾರು 55 ಆಗುತ್ತದೆ. ಇಳಿದ ಮೇಲೆ ಇನ್ನೊಂದು ವಿಮಾನ ಹಿಡಿಯಬೇಕು, ಅಮ್ಮನಿಗೆ ಗಾಲಿಕುರ್ಚಿ ಬೇಕು. ನಡುವೆ 90 ನಿಮಿಷ ಬಿಟ್ಟರೆ ಸಾಲುತ್ತದಾ? ಎಟಿಆರ್‌ನಲ್ಲಿ ಆಗಾಗ ಓಡಾಡುವವರು ದಯವಿಟ್ಟು ಹೇಳಿ. ಜಾಸ್ತಿ ಬೇಕಿದ್ದರೆ ಈಗಲೇ ಟಿಕೆಟ್ ಬದಲಿಸುತ್ತೇನೆ.