ಅಪ್ಪನ ಅಮಿಗಾ ಕಂಪ್ಯೂಟರ್ ಹಳದಿಯಾಗಿದೆ, ಡೊಂಬಿವಲಿ ಮನೆಯ ಗ್ಯಾಲರಿಯಲ್ಲಿ ಸರಿ ಮಾಡಬಹುದಾ?

ಡೊಂಬಿವಲಿ ಫಾಸ್ಟ್:
ಅಪ್ಪ 1989ರಲ್ಲಿ ದುಬೈಯಿಂದ ಊರಿಗೆ ಬರುವಾಗ ಹೊತ್ತು ತಂದ ಅಮಿಗಾ 500 ಇದೆ, ಕೀಬೋರ್ಡ್ ಜೊತೆಗೇ ಇರುವ ಹಳೇ ಕಂಪ್ಯೂಟರ್. ಮೊನ್ನೆ ಪೇಂಟಿಂಗ್‌ಗೆ ಅಂತ ಅಟ್ಟ ಖಾಲಿ ಮಾಡುವಾಗ ಕೆಳಗಿಳಿಸಿದೆ. ಆಶ್ಚರ್ಯ, ಇನ್ನೂ ಆನ್ ಆಗುತ್ತದೆ! ಆದರೆ ಬಣ್ಣ ನೋಡಿದರೆ ಬೇಜಾರು. ಮೇಲಿನ ಮುಚ್ಚಳ ಭಜನಾ ಮಂಡಳಿಯ ಹಳೇ ಹಾರ್ಮೋನಿಯಂ ಕೀಗಳ ಹಾಗೆ ಆಗಿದೆ. ಸ್ಪೇಸ್ ಬಾರ್ ಅಂತೂ ಅರಿಸಿನದಲ್ಲಿ ಅದ್ದಿ ತೆಗೆದಂತಿದೆ. ಕೆಳಗಿನ ಅರ್ಧ ಮಾತ್ರ ಅಷ್ಟೇನೂ ಹಳದಿಯಾಗಿಲ್ಲ, ಯಾಕೋ.

ಮೂಲೆಯಲ್ಲಿ ಅಮ್ಮ ಅಂಟಿಸಿದ್ದ ಕಟೀಲು ದೇವಿಯ ಸ್ಟಿಕರ್ ಇತ್ತು. ಹೇರ್ ಡ್ರೈಯರ್ ಹಿಡಿದು ಮೆಲ್ಲಗೆ ಬಿಡಿಸಿದೆ. ಅದರಡಿ ನಾಣ್ಯದಷ್ಟು ಜಾಗ ಹೊಸದರ ಹಾಗೇ ಇದೆ. ಅದನ್ನು ನೋಡಿದ ಮೇಲೆ ಸುಮ್ನೆ ಕೂರಲು ಆಗುತ್ತಿಲ್ಲ.

ಸೋಪಿನ ನೀರು, ಕಾಲಿನ್, ಟೂತ್‌ಪೇಸ್ಟ್ ಎಲ್ಲಾ ಆಯ್ತು. ಟೆರೇಸಿಗೆ ಸೊಸೈಟಿಯವರು ಬೀಗ ಹಾಕಿದ್ದಾರೆ. ಗ್ಯಾಲರಿ (ಬಾಲ್ಕನಿ) ಪಶ್ಚಿಮಕ್ಕಿದೆ, ಎರಡು ಗಂಟೆಯ ಮೇಲೆ ಬಿಸಿಲು ಬರುತ್ತದೆ. ಮಳೆಗಾಲಕ್ಕೆ ಇನ್ನು ಮೂರು ವಾರ. ಏನು ಮಾಡಲಿ?

ಕೋಥ್ರೂಡ್ ಫ್ಲಾಪಿ:
ಮೊದಲು ಆ ಟೂತ್‌ಪೇಸ್ಟ್ ನಿಲ್ಲಿಸಿ ಮಾರಾಯ್ರೆ. ಪ್ಲಾಸ್ಟಿಕ್ಕಿನ ಮೇಲಿನ ಸಣ್ಣ ತರಿಯನ್ನೇ ಅದು ಸವೆಸುತ್ತದೆ. ಹಳದಿ ಕೊಳೆಯಲ್ಲ, ಉಜ್ಜಿದರೆ ಹೋಗಲ್ಲ. ಅದು ಎಬಿಎಸ್ ಪ್ಲಾಸ್ಟಿಕ್. ಬೆಂಕಿ ಬೇಗ ಹತ್ತದಿರಲಿ ಅಂತ ಆಗ ಅದಕ್ಕೆ ಬ್ರೋಮಿನ್ ಇರುವ ರಾಸಾಯನಿಕ ಸೇರಿಸುತ್ತಿದ್ದರು. ಬೆಳಕು, ಶಾಖ, ಗಾಳಿ ಸೇರಿ ವರ್ಷಗಟ್ಟಲೆಯಲ್ಲಿ ಬಣ್ಣ ಕೆಡಿಸುತ್ತವೆ. ಮಿಶ್ರಣ ಎಲ್ಲ ತುಂಡಿಗೂ ಒಂದೇ ಇರುತ್ತಿರಲಿಲ್ಲ. ನಿಮ್ಮ ಮೇಲಿನರ್ಧ, ಕೆಳಗಿನರ್ಧ ಬೇರೆ ಬೇರೆ ಆಗಿರುವುದು ಅದಕ್ಕೇ.

ಮದ್ದು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಬಿಸಿಲು. 2008ರ ಸುಮಾರಿಗೆ ಹಳೇ ಕಂಪ್ಯೂಟರ್ ಹುಚ್ಚಿನವರು ಇದನ್ನು ಹರಡಿದರು. ರೆಟ್ರೋಬ್ರೈಟ್ ಅನ್ನುತ್ತಾರೆ. ಸಲೂನ್ ಸಾಮಾನಿನ ಅಂಗಡಿಯಲ್ಲಿ ಕೂದಲಿನ ಬಣ್ಣಕ್ಕೆ ಬೆರೆಸುವ 40 ವಾಲ್ಯೂಮ್ ಡೆವಲಪರ್ ಕ್ರೀಮ್ ಸಿಗುತ್ತದೆ, ಅದರಲ್ಲಿ ಪೆರಾಕ್ಸೈಡ್ 12%. ಎಲ್ಲರೂ ಅದನ್ನೇ ಹೇಳುತ್ತಾರೆ. ನಾನು ಬೇಡ ಅನ್ನುತ್ತೇನೆ, ಕೇಳಿ.

ಪುಣೆಯ ಹಳೇ ಸಾಮಾನಿನ ಸಂತೆ ಜೂನಾ ಬಾಜಾರ್‌ನಲ್ಲಿ ಸಿಕ್ಕಿದ್ದ ಒಂದು ಕಮೊಡೋರ್ 64ಸಿ ಕಂಪ್ಯೂಟರಿನ ಮುಚ್ಚಳಕ್ಕೆ ಆ ಕ್ರೀಮ್ ಬಳಿದು, ಅಡುಗೆಮನೆಯ ಕ್ಲಿಂಗ್ ಫಿಲ್ಮ್ ಸುತ್ತಿ ಟೆರೇಸಿನಲ್ಲಿಟ್ಟೆ. ಊಟ ಮಾಡಿ ಒಂದು ಗಳಿಗೆ ಮಲಗಿದೆ. ಏಪ್ರಿಲ್ ಬಿಸಿಲು. ಎದ್ದು ನೋಡಿದರೆ ಫಿಲ್ಮ್ ಉಬ್ಬಿದ ಕಡೆಯೆಲ್ಲ ಕ್ರೀಮ್ ಒಣಗಿ ಮಚ್ಚೆ ಮಚ್ಚೆ, ಕರುವಿನ ಮೈಯ ಹಾಗೆ! ಮತ್ತೆ ಎರಡು ಸಲ ಮಾಡಿದರೂ ಮಚ್ಚೆ ಪೂರ್ತಿ ಹೋಗಲಿಲ್ಲ.

ನೀವು ಮುಳುಗಿಸಿ. ಮೆಡಿಕಲ್‌ನ 6% ಪೆರಾಕ್ಸೈಡ್ ದ್ರವಕ್ಕೆ ಅಷ್ಟೇ ನೀರು ಬೆರೆಸಿ. ನಿಧಾನ ಆಗುತ್ತದೆ, ಆದರೆ ಸಮ ಬರುತ್ತದೆ. ಕೀಬೋರ್ಡ್, ಲೋಹದ ತಗಡು, ಸ್ಪ್ರಿಂಗ್, ಲೈಟು, ಬ್ಯಾಡ್ಜ್ ಎಲ್ಲಾ ಕಳಚಿಡಿ. ಗಂಟೆಗೊಮ್ಮೆ ಮಗುಚಿ. ಗ್ಲೌಸ್, ಕನ್ನಡಕ ಬೇಕೇ ಬೇಕು. ನನ್ನ ಬೆರಳ ತುದಿ ಸುಣ್ಣ ಬಳಿದಂತೆ ಬೆಳ್ಳಗಾಗಿ ರಾತ್ರಿಯಿಡೀ ಚುರುಗುಟ್ಟಿತ್ತು. ಪಾತ್ರೆಗೆ ಬಿಗಿ ಮುಚ್ಚಳ ಹಾಕಬೇಡಿ, ಒಳಗೆ ಗ್ಯಾಸ್ ತುಂಬುತ್ತದೆ. ಆ ಸ್ಟಿಕರ್ ಜಾಗವೇ ನಿಮ್ಮ ಅಳತೆ. ಉಳಿದ ಬಣ್ಣ ಅಲ್ಲಿಗೆ ಹೊಂದಿತೋ, ತೆಗೆದುಬಿಡಿ. ಜಾಸ್ತಿ ಆದರೆ ಮೊದಲಿದ್ದ ಬಣ್ಣವೂ ಹೋಗುತ್ತದೆ.

ಮಾಟುಂಗ ಮಾಮ:
ಇಷ್ಟೆಲ್ಲ ಯಾಕೆ? ನನ್ನ ಹಳೇ ಕಂಪ್ಯೂಟರ್ ಮ್ಯಾಕಿಂತೋಷ್ ಪ್ಲಸ್ ಬಿಳಿ ಮಾಡಿ ಬಟ್ಟೆ ಹೊದಿಸಿ ಕಪಾಟಿನಲ್ಲಿಟ್ಟಿದ್ದೆ. ಎರಡೇ ವರ್ಷ, ಮತ್ತೆ ಹಳದಿ. ಕತ್ತಲಲ್ಲೂ ಬಿಡಲಿಲ್ಲ. ಈಗ ವರ್ಷಕ್ಕೊಮ್ಮೆ ಯಾವ ದ್ರವವೂ ಇಲ್ಲದೆ ಬರೀ ಬಿಸಿಲಿಗೆ ಇಡುತ್ತೇನೆ, ಹಪ್ಪಳದ ಪಕ್ಕದಲ್ಲಿ. ಅಷ್ಟಿಷ್ಟು ತಿಳಿಯಾಗುತ್ತದೆ. ಸಾಕಲ್ವಾ?

ಡೊಂಬಿವಲಿ ಫಾಸ್ಟ್:
ಹೇಳಿ ಹೋಗೋಣ ಅಂತ ಬಂದೆ. ಹನ್ನೆರಡು ಬಾಟಲಿ ಪೆರಾಕ್ಸೈಡ್ ಕೇಳಿದಾಗ ಮೆಡಿಕಲ್‌ನವರು, ಗಾಯ ಎಷ್ಟು ದೊಡ್ಡದು ಅಂದರು. ಮಗಳ ಹಳೇ ಸ್ನಾನದ ಟಬ್‌ನಲ್ಲಿ ಐದು ಮಧ್ಯಾಹ್ನ ಹಿಡಿಯಿತು. ಮೊದಲ ಎರಡು ದಿನ ಏನೂ ಕಾಣಲಿಲ್ಲ, ಬೈದುಕೊಂಡೆ. ಐದನೇ ದಿನ ಸಂಜೆ ಸ್ಟಿಕರ್ ಎಲ್ಲಿತ್ತು ಅಂತ ಬೆಳಕಿಗೆ ಹಿಡಿದು ಹುಡುಕಬೇಕಾಯಿತು. ಸ್ಪೇಸ್ ಬಾರ್ ಪೂರ್ತಿ ಬರಲಿಲ್ಲ, ಹಾಲು ಜಾಸ್ತಿಯಾದ ಚಹಾ ಬಣ್ಣಕ್ಕೆ ನಿಂತಿದೆ. ಇರಲಿ. ಮಾಮ, ಎರಡು ವರ್ಷ ಬಿಟ್ಟು ನಿಮ್ಮ ಹಪ್ಪಳದ ಪಕ್ಕ ಜಾಗ ಕೇಳುತ್ತೇನೆ.

ಈಗ ಅಮ್ಮ ಹೊಸ ಸ್ಟಿಕರ್ ತಂದಿಟ್ಟಿದ್ದಾರೆ, ಅದೇ ಮೂಲೆಗೆ ಅಂಟಿಸಬೇಕಂತೆ. ಕೆಳಭಾಗಕ್ಕೆ ಅಂಟಿಸೋಣವಾ ಅಂದೆ. ದೇವರನ್ನು ಅಡಿಗೆ ಹಾಕುತ್ತೀಯಾ ಅಂತ ಬೈಸಿಕೊಂಡೆ.