ಥರ್ಡ್ ಪಾರ್ಟಿ ಟ್ಯಾಗ್ ಹಾಕಿಸಿದವರು ಅನುಭವ ಹೇಳಿ

ಪ್ರಶ್ನೆ: ದಾವಣಗೆರೆಯ ಸೀರೆ ಅಂಗಡಿಯವರಿಗೆ ದೀಪಾವಳಿ ಬ್ಯಾನರ್ ಮಾಡ್ತಿದ್ದೀವಿ. ಬೆರಳು ಆಡಿಸಿದರೆ ಸೀರೆ ಬಣ್ಣ ಬದಲಾಗಬೇಕು, ಪಕ್ಕದಲ್ಲಿ ವಿಡಿಯೋ. ಬ್ಯಾನರ್ ಹಾಕೋ ವೆಬ್‌ತಾಣದವರ ಫೈಲ್ ಮಿತಿ 150 ಕೆಬಿ. ಇಂಥ ಬ್ಯಾನರ್ ಮಾಡೋ ಒಂದು ರಿಚ್ ಮೀಡಿಯಾ ಕಂಪನಿ ಫೈಲ್ ತಾವೇ ಹೋಸ್ಟ್ ಮಾಡಿ ಟ್ಯಾಗ್ (ಅಲ್ಲಿಂದ ಬ್ಯಾನರ್ ಎಳೆದು ತರೋ ಸಣ್ಣ ಕೋಡ್) ಕೊಡ್ತೀವಿ, ಸಾವಿರ ಸಲ ತೋರಿಸಿದ್ದಕ್ಕಿಷ್ಟು ಅಂತಿದೆ. ತಗೊಳ್ಳಬಹುದಾ?

ಪ್ಲಾನರ್, ಬೆಂಗಳೂರು: ಹೋದ ವರ್ಷದ ಬಿಲ್ ಇನ್ನೂ ಎದುರಿಗೇ ಇದೆ. 40 ಲಕ್ಷ ಇಂಪ್ರೆಷನ್ (ಬ್ಯಾನರ್ ಒಂದು ಸಲ ತೋರಿದರೆ ಒಂದು), ಸಾವಿರಕ್ಕೆ 12 ರೂಪಾಯಿ ಟ್ಯಾಗ್ ಕಂಪನಿಯ ಸರ್ವಿಂಗ್ ಶುಲ್ಕ: 48,000. ಮೇಲೆ 18% ಜಿಎಸ್‌ಟಿ 8,640. ಒಟ್ಟು 56,640. ಅದು ಹೋಗಲಿ. ತಾಣದ ಲೆಕ್ಕ 40 ಲಕ್ಷ, ಟ್ಯಾಗ್‌ ಲೆಕ್ಕ 33.6 ಲಕ್ಷ. ತಾಣಕ್ಕೆ ಜಾಗದ ದುಡ್ಡು ಕೊಟ್ಟಿದ್ದು ಅವರದೇ ಲೆಕ್ಕಕ್ಕೆ, ಸಾವಿರಕ್ಕೆ 90ರಂತೆ. ಅಂದರೆ ನಮ್ಮ ಟ್ಯಾಗ್ ಕಾಣದೇ ಇರೋ ಇಂಪ್ರೆಷನ್‌ಗೆ 57,600 ತೆತ್ತಿದ್ದೀವಿ. 10% ವ್ಯತ್ಯಾಸ ಎಲ್ಲರೂ ನುಂಗ್ತಾರೆ, 16% ಯಾಕೆ ನುಂಗಬೇಕು? ಯಾರ ಲೆಕ್ಕಕ್ಕೆ ಬಿಲ್ ಅನ್ನೋದು ತಾಣಕ್ಕೆ ಕೊಡೋ ರಿಲೀಸ್ ಆರ್ಡರ್‌ನಲ್ಲೇ ಬರೆಸಿಕೊಳ್ಳಿ.

ಆಡ್ ಆಪ್ಸ್: ತಾಣದ ಕಡೆ ಕೂತು ಜಾಹೀರಾತು ಓಡಿಸೋನು ನಾನು. ನಾವು ಟ್ಯಾಗ್ ಕಳಿಸಿದಾಗ ಎಣಿಸ್ತೀವಿ, ನಿಮ್ಮ ಸರ್ವರ್ ಕ್ರಿಯೇಟಿವ್ (ಬ್ಯಾನರ್ ಫೈಲ್) ಲೋಡ್ ಆದಮೇಲೆ. ನಡುವೆ ಓದುಗ ಮುಂದೆ ಹೋಗಿರ್ತಾನೆ. ಒಂದು ಟ್ಯಾಗ್ ಇನ್ನೊಂದನ್ನ ಕರೆದು, ಅದು ಮೂರನೇದನ್ನ ಕರೆದು, ಕೊನೆಗೆ ವಿಡಿಯೋ ಬಂದರೆ ಯಾರು ಕಾಯ್ತಾರೆ? 4 ಎಂಬಿ ದಾಟಿದ, ಓದುಗ ಮುಟ್ಟದ ಜಾಹೀರಾತನ್ನ 2020ರಿಂದ ಕ್ರೋಮ್ ಕಿತ್ತೇ ಹಾಕುತ್ತೆ. 30 ಸೆಕೆಂಡಲ್ಲಿ 15 ಸೆಕೆಂಡ್ ಪ್ರೊಸೆಸರ್ ತಿಂದರೂ ಅಷ್ಟೇ. ಬೈಗುಳ ಮಾತ್ರ ನಮಗೆ. ಕ್ಯಾಷ್‌ಬಸ್ಟರ್ (ಬ್ರೌಸರ್ ಹಳೇ ಪ್ರತಿ ತೋರಿಸದೆ ಪ್ರತಿ ಸಲ ಹೊಸದಾಗಿ ಕೇಳಲಿ ಅಂತ ಹಾಕೋ ಸಂಖ್ಯೆ) ಹಾಕಿದ್ರಾ, ಅದು ಹೇಳಿ ಮೊದಲು.

ಪ್ಲಾನರ್, ಬೆಂಗಳೂರು: ಹಾಕಿದ್ವಿ. ಕ್ಲಿಕ್ ಎಣಿಸೋ ಮ್ಯಾಕ್ರೋನೂ ಹಾಕಿದ್ವಿ. ಪರೀಕ್ಷೆ ಪುಟದ ಸ್ಕ್ರೀನ್‌ಶಾಟ್ ಇದೆ. ಪ್ರತಿ ಸಲ ಇದೇ ಪ್ರಶ್ನೆ ಕೇಳಿ ಜಾರಿಕೊಳ್ಳಬೇಡಿ.

ಡಿಸೈನರ್, ಹುಬ್ಬಳ್ಳಿ: ರೊಕ್ಕದ ಜಗಳ ಆಮೇಲೆ ಮಾಡ್ರಿ. ನಮ್ಮ ಬ್ಯಾನರ್‌ನ್ಯಾಗ ಕನ್ನಡ ಅಕ್ಷರಾನ ಒಡದು ಹೋಗಿತ್ತು. ಟ್ಯಾಗ್ ಕಂಪನಿಯವರು ಫಾಂಟ್ ಸಣ್ಣ ಮಾಡಾಕ ಹೋಗಿ ಒತ್ತಕ್ಷರ ಕೂಡಿಸೋ ಜಿಸಬ್ ಕೋಷ್ಟಕಾನೂ ಕಿತ್ತಿದ್ರು. ‘ರೇಷ್ಮೆ’ ಹೋಗಿ ‘ರೇಷ್‌ಮೆ’ ಆತು, ಹಂಗೇ ಓಡ್ತು. ತಮ್ಮ ಸ್ಕ್ರೀನ್‌ನ್ಯಾಗ ಸರಿ ಐತಿ ಅಂದ್ರು, ಅವರ ಮಷೀನ್‌ನ್ಯಾಗ ಕನ್ನಡ ಫಾಂಟ್ ಮೊದಲೇ ಇತ್ತಲ್ಲ! ಈಗ ನಾನು ಹೆಡ್‌ಲೈನ್ ಎಲ್ಲಾ ಎಸ್‌ವಿಜಿ ಔಟ್‌ಲೈನ್ (ಫಾಂಟ್ ಬ್ಯಾಡಾದ ಅಕ್ಷರದ ಚಿತ್ರ) ಮಾಡೇ ಕೊಡ್ತೀನಿ. ಒಂದ್ ಅಕ್ಷರಾನೂ ಒಡಿಯಂಗಿಲ್ಲ.

ಆಡ್ ಆಪ್ಸ್: ಔಟ್‌ಲೈನ್ ಮಾಡಿದರೆ ಬೆಲೆ ಬದಲಾದಾಗಲೆಲ್ಲ ಹೊಸ ಫೈಲ್. ಟ್ಯಾಗ್ ತಗೊಳ್ಳೋದೇ ಬೆಲೆ ಅಲ್ಲಿಂದಲೇ ಬದಲಾಯಿಸೋಕೆ.

ಡಿಸೈನರ್, ಹುಬ್ಬಳ್ಳಿ: ಅಂಕಿಗೆ ಒತ್ತಕ್ಷರ ಎಲ್ಲಿ ಬರ್ತಾವ್ರೀ? ಅಂಕಿ ಅಷ್ಟೇ ಫಾಂಟ್‌ನ್ಯಾಗ ಬಿಡ್ರಿ. ಹಿಂದಿ ಬ್ಯಾನರ್ ಅಳತಿಗೆ ಕನ್ನಡ ತುರುಕೋದು ನಿಲ್ಲಿಸ್ರಿ ಮೊದಲು, ಎರಡನೇ ಸಾಲಿನ ಒತ್ತು ಕತ್ತರಿಸಿ ಹೋಗ್ತಾವ.

ಪ್ರಶ್ನೆ ಕೇಳಿದವರು: ನಮ್ಮ ಬಜೆಟ್ 10 ಲಕ್ಷ ಇಂಪ್ರೆಷನ್ ಅಷ್ಟೇ. ಅಷ್ಟಕ್ಕೆ ಕನಿಷ್ಠ ಶುಲ್ಕ ಇರುತ್ತಾ?

ಪ್ಲಾನರ್, ಬೆಂಗಳೂರು: ಇರುತ್ತೆ, ಕೇಳಿಕೊಳ್ಳಿ. ಆಪ್ಸ್ ಅವರೇ, ಗಂಟೆವಾರು ಲಾಗ್ ಕೇಳಿದಾಗ ತಾಣದವರು ಕೊಟ್ಟಿದ್ದು ದಿನದ ಮೊತ್ತ. ಟೈಮ್‌ಜೋನ್ ಬೇರೆ ಅನ್ನೋದು ಸಬೂಬು. ಐದೂವರೆ ಗಂಟೆ ವ್ಯತ್ಯಾಸದಿಂದ ದಿನದ ಲೆಕ್ಕ ಹಿಂದೆಮುಂದೆ ಆಗಬಹುದು, ಇಡೀ ಕ್ಯಾಂಪೇನ್‌ನಲ್ಲಿ 6.4 ಲಕ್ಷ ಮಾಯ ಆಗಲ್ಲ.

ಆಡ್ ಆಪ್ಸ್: ಆಗಲ್ಲ, ಒಪ್ಪಿದೆ. ಆದರೆ ನಿಮ್ಮ ಟ್ಯಾಗ್ ಎಷ್ಟು ಎಂಬಿ ಇತ್ತು ಅಂತ ನೀವಿನ್ನೂ ಹೇಳಿಲ್ಲ.