ವಾಯುಪಡೆಯಲ್ಲಿ ಹಾರಿಸಿದ ಗಂಟೆಗಳು ಹೊರಗೆ ಲೆಕ್ಕಕ್ಕೆ ಬರುತ್ತವೆಯೇ? ಗುಂಪಿನ ಪ್ರಶ್ನೋತ್ತರ

(ಈ ವಾರ ಉತ್ತರಿಸುತ್ತಿರುವವರು ನಮ್ಮ ಗುಂಪಿನ ಹಿರಿಯ ಸದಸ್ಯರು. ವಾಯುಪಡೆಯಲ್ಲಿ ಸಾಗಣೆ ವಿಮಾನ, ಆಮೇಲೆ ಖಾಸಗಿ ಸಂಸ್ಥೆಯಲ್ಲಿ ಪ್ರಯಾಣಿಕರ ವಿಮಾನ ಹಾರಿಸಿದವರು. ಈಗ ಹೊಸನಗರದ ಕಡೆ ತೋಟ ನೋಡಿಕೊಂಡಿದ್ದಾರೆ.)

ಪ್ರಶ್ನೆ, ತೀರ್ಥಹಳ್ಳಿಯಿಂದ: ನಮಸ್ಕಾರ ಸರ್. ನಮ್ಮ ಮನೆಯವರು ವಾಯುಪಡೆಯಲ್ಲಿ ಎಂಐ-17 ಹೆಲಿಕಾಪ್ಟರ್ ಪೈಲಟ್. ಹದಿನಾಲ್ಕು ವರ್ಷದ ಶಾರ್ಟ್ ಸರ್ವಿಸ್ (ನಿಗದಿತ ಅವಧಿಯ ಸೇವೆ) ಮುಂದಿನ ವರ್ಷ ಮುಗಿಯುತ್ತದೆ. ಇಷ್ಟು ವರ್ಷ ಹಾರಿಸಿದವರಿಗೆ ಹೊರಗಿನ ಲೈಸೆನ್ಸ್ ತಾನಾಗಿಯೇ ಸಿಗುವುದಿಲ್ಲವೇ? ನಮ್ಮ ಅತ್ತೆಯವರಂತೂ ಸೋಗಾನೆಗೆ (ಶಿವಮೊಗ್ಗ ವಿಮಾನ ನಿಲ್ದಾಣಕ್ಕೆ) ಬರುವ ವಿಮಾನವನ್ನೇ ಓಡಿಸಲಿ, ಮನೆಗೆ ಹತ್ತಿರವಾಗುತ್ತದೆ ಎನ್ನುತ್ತಿದ್ದಾರೆ.

ಉತ್ತರ: ತಾನಾಗಿಯೇ ಏನೂ ಸಿಗುವುದಿಲ್ಲ ತಂಗಿ. ಇದರ ಬೇರು 1944ರ ಷಿಕಾಗೊ ಒಪ್ಪಂದದಲ್ಲಿದೆ. ಲೋಕದ ನಾಗರಿಕ ವಿಮಾನಯಾನವೆಲ್ಲ ನಿಂತಿರುವುದು ಆ ಒಪ್ಪಂದದ ಮೇಲೆ. ಅದರ 3ನೇ ವಿಧಿಯೇ ಸೇನೆ, ಸುಂಕ, ಪೊಲೀಸ್ ಕೆಲಸದ ವಿಮಾನಗಳನ್ನು ಸರ್ಕಾರಿ ವಿಮಾನಗಳೆಂದು ಕರೆದು, ಅವುಗಳಿಗೆ ಈ ಒಪ್ಪಂದ ಅನ್ವಯಿಸುವುದಿಲ್ಲ ಎನ್ನುತ್ತದೆ. ನಿಮ್ಮ ಯಜಮಾನರು ಎದೆಯ ಮೇಲೆ ಧರಿಸಿರುವ ರೆಕ್ಕೆಯ ಬಿಲ್ಲೆ ವಾಯುಪಡೆ ತನ್ನ ಕೆಲಸಕ್ಕೆಂದು ಕೊಟ್ಟದ್ದು. ಟಿಕೆಟ್ ಕೊಂಡ ಪ್ರಯಾಣಿಕನನ್ನು ಕೂರಿಸಿಕೊಂಡು ಹಾರಲು ಡಿಜಿಸಿಎ (ದೇಶದ ನಾಗರಿಕ ವಿಮಾನಯಾನವನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ) ಕೊಡುವ ಲೈಸೆನ್ಸ್ ಬೇಕು.

ಹಾಗೆಂದು ಮೊದಲಿನಿಂದ ಶುರುಮಾಡಬೇಕಾಗಿಲ್ಲ. ಸೈನ್ಯದ ಮೂರೂ ಪಡೆಗಳ ಪೈಲಟ್‌ಗಳು ತಮ್ಮ ಅನುಭವ, ಸಾಮರ್ಥ್ಯ, ದೇಹಸ್ಥಿತಿಗಳಿಗೆ ತೃಪ್ತಿಕರ ದಾಖಲೆ ಒದಗಿಸಿದರೆ ಕೆಲವು ಪರೀಕ್ಷೆಗಳಿಂದ ವಿನಾಯಿತಿ ಕೊಡಬಹುದೆಂದು 1937ರ ವಿಮಾನ ನಿಯಮಗಳಲ್ಲಿ ಇದೆ. 'ಕೊಡಬಹುದು' ಎಂದಿದೆ, 'ಕೊಡತಕ್ಕದ್ದು' ಎಂದಿಲ್ಲ. ಇಡೀ ವ್ಯವಹಾರ ನಿಂತಿರುವುದು ದಾಖಲೆಯ ಮೇಲೆ. ಆದ್ದರಿಂದ ಅವರು ಇನ್ನೂ ಸಮವಸ್ತ್ರದಲ್ಲಿರುವಾಗಲೇ ಕೆಲಸ ಶುರುವಾಗಬೇಕು. ಬಿಡುಗಡೆಯ ಕಾಗದ ಕೈಗೆ ಬಂದ ಮೇಲೆ ನೋಡೋಣ ಎಂದು ಕೂತವರು ವರ್ಷ ಕಳೆದುಕೊಂಡದ್ದನ್ನು ನಾನು ನೋಡಿದ್ದೇನೆ.

ಇನ್ನು ಅತ್ತೆಯವರ ಆಸೆ. ಬೆಂಗಳೂರಿನಿಂದ ಸೋಗಾನೆಗೆ ಬರುವ ಎಟಿಆರ್-72 ರೆಕ್ಕೆಯ ವಿಮಾನ. ಹೆಲಿಕಾಪ್ಟರ್ ಲೈಸೆನ್ಸ್ ಬೇರೆ, ವಿಮಾನದ ಲೈಸೆನ್ಸ್ ಬೇರೆ. ವಿಮಾನದ ಕಮರ್ಷಿಯಲ್ ಲೈಸೆನ್ಸ್‌ಗೆ ಒಟ್ಟು 200 ಗಂಟೆ ಹಾರಾಟ ಬೇಕು. ಅದರಲ್ಲಿ 100 ಗಂಟೆ ತಾವೇ ಕ್ಯಾಪ್ಟನ್ ಆಗಿ ಹಾರಿಸಿರಬೇಕು, ಒಂದು ಪಾಲು ಅರ್ಜಿಗೆ ಹಿಂದಿನ ಆರು ತಿಂಗಳಲ್ಲೇ ಆಗಿರಬೇಕು. ನಿಮ್ಮವರು ವಾಯುಪಡೆಯ ತರಬೇತಿಯಲ್ಲಿ ಮೊದಲು ತರಬೇತಿ ವಿಮಾನ ಹಾರಿಸಿ ಕಲಿತಿರುತ್ತಾರೆ, ಆ ಗಂಟೆಗಳು ರೆಕ್ಕೆಯ ವಿಮಾನದವೇ. ಆದರೆ ಅವು ಹಳೆಯವು, 200ರ ಹತ್ತಿರಕ್ಕೂ ಬರುವುದಿಲ್ಲ. ಉಳಿದದ್ದನ್ನು ಫ್ಲೈಯಿಂಗ್ ಸ್ಕೂಲಿಗೆ ಹೋಗಿ ದುಡ್ಡು ಕೊಟ್ಟು ಹಾರಿಸಬೇಕಾಗುತ್ತದೆ. ಅದು ಮುಗಿದು ಎಟಿಆರ್ ಕೆಲಸವೇ ಸಿಕ್ಕಿದರೂ, ಪೈಲಟ್ ಸಂಸಾರ ಹೂಡುವುದು ಸಂಸ್ಥೆ ಅವನಿಗೆ ನಿಗದಿಮಾಡಿದ ದೊಡ್ಡ ಊರಿನಲ್ಲಿ. ಸೋಗಾನೆಯಲ್ಲಿ ಇಳಿದು, ಅರ್ಧ ಗಂಟೆಯೊಳಗೆ ಜನರನ್ನು ಹತ್ತಿಸಿಕೊಂಡು ವಾಪಸಾಗುವವನಿಗೆ ತೀರ್ಥಹಳ್ಳಿಯ ಊಟ ಎಲ್ಲಿಂದ ಬರಬೇಕು!

ಹೆಲಿಕಾಪ್ಟರ್‌ನಲ್ಲೇ ಮುಂದುವರಿದರೆ ದಾರಿ ಹತ್ತಿರ. ಮುಂಬೈ ಹೈ ತೈಲಬಾವಿಗಳಿಗೆ ಜನರನ್ನು ಒಯ್ಯುವ ಕೆಲಸ, ರಾಜ್ಯ ಸರ್ಕಾರಗಳ ಹೆಲಿಕಾಪ್ಟರ್‌ಗಳು, ಕೇದಾರನಾಥದ ಯಾತ್ರೆ, ಎಲ್ಲ ಕಡೆ ಸೇನೆಯಿಂದ ಬಂದವರೇ ಹೆಚ್ಚು. ಕೇದಾರದ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. 2025ರ ಜೂನ್‌ನಲ್ಲಿ ಗೌರಿಕುಂಡದ ಬಳಿ ಬಿದ್ದು ಏಳು ಮಂದಿ ಸತ್ತ ಹೆಲಿಕಾಪ್ಟರನ್ನು ಹಾರಿಸುತ್ತಿದ್ದವರೂ ಸೇನೆಯಿಂದ ನಿವೃತ್ತರಾದವರೇ. ಒಂದೇ ಎಂಜಿನ್, ಒಬ್ಬನೇ ಪೈಲಟ್, ಕಣಿವೆಯಲ್ಲಿ ಗಳಿಗೆಗೊಮ್ಮೆ ಬದಲಾಗುವ ಮೋಡ. ಹವೆ ಕೆಟ್ಟಿದೆ, ಹಾರುವುದಿಲ್ಲ ಎಂದವನ ಮಾತಿಗೆ ಸೇನೆಯಲ್ಲಿ ಬೆಲೆಯಿರುತ್ತದೆ. ಹೊರಗೆ, ಸಾಲುಗಟ್ಟಿ ನಿಂತ ಯಾತ್ರಿಕರ ಮುಂದೆ ಅದೇ ಮಾತು ಹೇಳುವುದು ಎಷ್ಟು ಕಷ್ಟವೆಂಬುದನ್ನು ನಿಮ್ಮವರು ಮೊದಲೇ ಯೋಚಿಸಿರಲಿ. ನನ್ನನ್ನು ಕೇಳಿದರೆ ಎರಡು ಎಂಜಿನ್, ಇಬ್ಬರು ಪೈಲಟ್ ಇರುವ ಕಡಲಿನ ಕೆಲಸವೇ ಮೇಲು.

ಮರುಪ್ರಶ್ನೆ, ಅವರದೇ: ಈಗಲೇ ಮಾಡಬೇಕಾದ ಕೆಲಸ ಎಂದರೆ ಯಾವುದು ಸರ್?

ಉತ್ತರ: ಮೊದಲನೆಯದು ಲಾಗ್‌ಬುಕ್. ಸೇನೆಯಲ್ಲಿ ಸಾಮಾನ್ಯವಾಗಿ ನೆಲ ಬಿಟ್ಟಲ್ಲಿಂದ ನೆಲ ಮುಟ್ಟುವವರೆಗಿನ ಸಮಯವನ್ನು ಬರೆಯುತ್ತಾರೆ. ನಾಗರಿಕ ಲೆಕ್ಕ ಹಾಗಲ್ಲ. ವಿಮಾನವಾದರೆ ಹಾರಲೆಂದು ಮೊದಲು ಕದಲಿದ ಕ್ಷಣದಿಂದ ಕೊನೆಗೆ ನಿಲ್ಲುವವರೆಗೆ, ಹೆಲಿಕಾಪ್ಟರ್ ಆದರೆ ರೋಟರ್ ತಿರುಗಲು ಶುರುವಾದಾಗಿನಿಂದ ನಿಲ್ಲುವವರೆಗೆ. ಜೊತೆಗೆ ಕ್ಯಾಪ್ಟನ್ ಆಗಿ ಹಾರಿಸಿದ್ದೆಷ್ಟು, ಎರಡನೇ ಪೈಲಟ್ ಆಗಿ ಎಷ್ಟು, ಹಗಲು, ರಾತ್ರಿ, ಬರೀ ಉಪಕರಣ ನೋಡಿ ಹಾರಿಸಿದ್ದು, ಇವು ಬೇರೆಬೇರೆ ಕಾಲಮ್ಮುಗಳಲ್ಲಿ ಸ್ಪಷ್ಟವಾಗಿರಬೇಕು. ಹಳೆಯ ಸ್ಕ್ವಾಡ್ರನ್‌ನ ದಾಖಲೆಯಲ್ಲಿ ಎಲ್ಲೋ ತಪ್ಪಿದ್ದರೆ, ಸಹಿ ಹಾಕಬೇಕಾದ ಅಧಿಕಾರಿ ಸೇವೆಯಲ್ಲಿರುವಾಗಲೇ ಸರಿಮಾಡಿಸಬೇಕು. ಊರಿಗೆ ಬಂದು ಕೂತ ಮೇಲೆ ಪತ್ರ ಬರೆದರೆ ಉತ್ತರ ಬರುವಷ್ಟರಲ್ಲಿ ಇನ್ನೊಂದು ಕೊಯ್ಲು ಮುಗಿದಿರುತ್ತದೆ.

ಎರಡನೆಯದು ಏರ್ ರೆಗ್ಯುಲೇಷನ್ಸ್, ಅಂದರೆ ನಾಗರಿಕ ಹಾರಾಟದ ನಿಯಮಗಳ, ಪರೀಕ್ಷಾ ಪತ್ರಿಕೆ. ಎಷ್ಟು ಸಾವಿರ ಗಂಟೆ ಹಾರಿಸಿದ್ದರೂ ಇದನ್ನು ಓದಿಯೇ ಬರೆಯಬೇಕು, ಏಕೆಂದರೆ ಸೇನೆಯ ಹಾರಾಟದ ಕಟ್ಟಳೆಯೇ ಬೇರೆ. ಡಿಜಿಸಿಎ ಪತ್ರಿಕೆಗಳಲ್ಲಿ ತೇರ್ಗಡೆಗೆ ನೂರಕ್ಕೆ 70 ಬೇಕು. ರೇಡಿಯೊದಲ್ಲಿ ಮಾತನಾಡಲು ಬೇಕಾದ ಆರ್‌ಟಿಆರ್ ಹಿಂದೆ ದೂರಸಂಪರ್ಕ ಇಲಾಖೆಯ ಕೈಯಲ್ಲಿತ್ತು, ಹೊಸ ಭಾರತೀಯ ವಾಯುಯಾನ ಅಧಿನಿಯಮದಿಂದಾಗಿ ಅದೂ ಡಿಜಿಸಿಎಗೆ ಬಂದಿದೆ. ಪರೀಕ್ಷೆಗೆ ಕೂರಲು ವಾಯುಪಡೆಯ ಅನುಮತಿಯನ್ನು ಬರಹದಲ್ಲೇ ಪಡೆಯಲಿ.

ಮೂರನೆಯದು ಒಂದನೇ ದರ್ಜೆಯ ವೈದ್ಯಕೀಯ ಪರೀಕ್ಷೆ. ಸೇನೆಯಲ್ಲಿ ಫಿಟ್ ಎಂದು ಬರೆದಿದ್ದರೂ ಇದು ಪ್ರತ್ಯೇಕ. ನಮ್ಮವರಿಗೆ ಹತ್ತಿರ ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆ ಇದೆ. ಬೆನ್ನುನೋವು, ಕಿವಿಯ ತೊಂದರೆ ಇದ್ದರೆ ಮುಚ್ಚಿಡದೆ ಹಳೆಯ ಕಾಗದ ಸಮೇತ ಹೋಗಲಿ.

ಪ್ರಶ್ನೆ, ಸಾಗರದಿಂದ: ನನ್ನ ತಮ್ಮ ಯುದ್ಧವಿಮಾನದ ಪೈಲಟ್. ಅಮೆರಿಕದಲ್ಲಿ ಸೇನೆಯವರು ಒಂದೇ ಲಿಖಿತ ಪರೀಕ್ಷೆ ಬರೆದು ಕಮರ್ಷಿಯಲ್ ಲೈಸೆನ್ಸ್ ಪಡೆಯುವ ವಿಡಿಯೊ ಕಳಿಸಿದ್ದಾನೆ. ಅಲ್ಲಿಗೇ ಹೋಗಿ ಮಾಡಿಕೊಂಡು ಬರುತ್ತೇನೆ ಎನ್ನುತ್ತಾನೆ.

ಉತ್ತರ: ವಿಡಿಯೊದಲ್ಲಿರುವುದು ನಿಜ, ನಿಮ್ಮ ತಮ್ಮನಿಗೆ ಅನ್ವಯಿಸುವುದಿಲ್ಲ. ಅಲ್ಲಿನ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ತನ್ನ ದೇಶದ ಸೇನಾ ಪೈಲಟ್‌ಗಳಿಗೆ ಮಿಲಿಟರಿ ಕಾಂಪಿಟೆನ್ಸಿ ಎಂಬ ಲಿಖಿತ ಪರೀಕ್ಷೆಯ ಮೇಲೆ ಕಮರ್ಷಿಯಲ್ ಸರ್ಟಿಫಿಕೇಟ್ ಕೊಡುತ್ತದೆ, ಹಾರಾಟದ ಪರೀಕ್ಷೆ ಕೇಳುವುದಿಲ್ಲ. ಏರ್‌ಲೈನ್ ಪೈಲಟ್ ಸರ್ಟಿಫಿಕೇಟಿಗೆ ಬೇಕಾದ 1500 ಗಂಟೆಯನ್ನೂ ಅವರಿಗೆ 750ಕ್ಕೆ ಇಳಿಸಿ, ನಿರ್ಬಂಧಿತ ರೂಪದಲ್ಲಿ ಕೊಡುತ್ತದೆ. ಬೇರೆ ದೇಶದ ಸೇನೆಯವರಿಗೆ ಆ ಲಿಖಿತ ಪರೀಕ್ಷೆಯ ದಾರಿ ತೆರೆಯುವುದು, ಅವರು ಅಮೆರಿಕದ ಸೇನೆಯ ಜೊತೆ ಪೈಲಟ್ ಕೆಲಸಕ್ಕೆ ನಿಯೋಜಿತರಾಗಿದ್ದರೆ ಮಾತ್ರ. ತರಬೇತಿಗೆ ಹೋಗಿದ್ದರೆ ಅದೂ ಸಾಲದು. ಹೇಗೋ ಅಲ್ಲಿನ ಲೈಸೆನ್ಸ್ ಪಡೆದುಕೊಂಡು ಬಂದರೂ ಇಲ್ಲಿ ಹಾರಿಸಲು ಮತ್ತೆ ಡಿಜಿಸಿಎ ಬಾಗಿಲಿಗೇ ನಿಲ್ಲಬೇಕು.

ಯುದ್ಧವಿಮಾನದವರಿಗೆ ಎರಡು ತೊಡಕು. ಸಾಗಣೆ ವಿಮಾನದ ನಾವು ಒಂದೇ ದಿನ ಚಂಡೀಗಢ, ಲೇಹ್ ಎಂದು ಹಾರಿ ಗಂಟೆ ಗುಡ್ಡೆಹಾಕುತ್ತಿದ್ದೆವು. ಅವರ ಒಂದು ಹಾರಾಟ ಗಂಟೆಯೊಳಗೆ ಮುಗಿಯುವುದೇ ಹೆಚ್ಚು. ಇನ್ನೊಂದು, ಒಂಟಿ ಎಂಜಿನ್ನಿನ ವಿಮಾನದಲ್ಲೇ ಇದ್ದವರಾದರೆ ಮಲ್ಟಿ ಎಂಜಿನ್ ರೇಟಿಂಗ್ ಹೊಸದಾಗಿ ಪಡೆಯಬೇಕು. ಬರೀ ಉಪಕರಣ ನೋಡಿ ಹಾರಿಸಲು ಬೇಕಾದ ಇನ್‌ಸ್ಟ್ರುಮೆಂಟ್ ರೇಟಿಂಗ್ ಕೂಡ ಬೇಕು. ಇದೇ ಅರ್ಹತೆಗೆ ವಾಯುಪಡೆ ಕೊಡುವ ಮಾಸ್ಟರ್ ಗ್ರೀನ್ ಕಾರ್ಡ್ ಕಂಡು ನನಗೆ ಗೌರವ ಬರುತ್ತದೆ, ಅರ್ಜಿ ನೋಡುವ ಗುಮಾಸ್ತನಿಗೆ ಬರುವುದಿಲ್ಲ. ಇದೆಲ್ಲದರ ಮೇಲೆ ಏರ್‌ಬಸ್ ಎ320 ಅಥವಾ ಬೋಯಿಂಗ್ 737ರ ಟೈಪ್ ರೇಟಿಂಗ್, ಅಂದರೆ ಆ ಮಾದರಿಯನ್ನೇ ಹಾರಿಸುವ ಅರ್ಹತೆ. ಕೈಯಿಂದಲೇ ಹಾಕಿ ಮಾಡುವುದಾದರೆ ಖರ್ಚು ಹತ್ತು ಲಕ್ಷವನ್ನು ಸುಲಭವಾಗಿ ದಾಟುತ್ತದೆ.

ಹಣಕ್ಕಿಂತ ಕಷ್ಟದ್ದು ಮನಸ್ಸು. ಸ್ಕ್ವಾಡ್ರನ್ ಲೀಡರ್ ಆಗಿದ್ದವನು ಬಲಗಡೆಯ ಸೀಟಿನಲ್ಲಿ ಕೂರುತ್ತಾನೆ. ಎಡಗಡೆ ಅವನಿಗಿಂತ ಹತ್ತು ವರ್ಷ ಚಿಕ್ಕ ವಯಸ್ಸಿನ ಕ್ಯಾಪ್ಟನ್. ಚೆಕ್‌ಲಿಸ್ಟನ್ನು ಗಟ್ಟಿಯಾಗಿ ಓದು ಎಂದರೆ ಓದಬೇಕು. ಒಬ್ಬನೇ ಕೂತು, ಒಬ್ಬನೇ ನಿರ್ಧರಿಸಿ ರೂಢಿಯಾದವರಿಗೆ ಸಿಮ್ಯುಲೇಟರ್‌ನಲ್ಲಿ ಬರುವ ತರಾಟೆಯೆಲ್ಲ ಇಲ್ಲಿಯೇ. ಹಾರಿಸುವ ಕೈ ಚೆನ್ನಾಗಿಯೇ ಇರುತ್ತದೆ, ಪಕ್ಕದವನಿಗೆ ಹೇಳದೆ ಸ್ವಿಚ್ ಮುಟ್ಟುತ್ತಾರೆ. ತಮ್ಮನಿಗೆ ಇದನ್ನು ಈಗಲೇ ಹೇಳಿಡಿ.

ಪ್ರಶ್ನೆ, ಶಿವಮೊಗ್ಗದಿಂದ: ನಾನು ದ್ವಿತೀಯ ಪಿಯುಸಿ ವಿಜ್ಞಾನ ವಿದ್ಯಾರ್ಥಿ ಸರ್. ಖಾಸಗಿಯಾಗಿ ಪೈಲಟ್ ಆಗಲು ದುಡ್ಡಿಲ್ಲ. ವಾಯುಪಡೆ ಸೇರಿ ಆಮೇಲೆ ಏರ್‌ಲೈನ್‌ಗೆ ಬರಬಹುದೇ?

ಉತ್ತರ: ಬರಬಹುದು ತಮ್ಮ. ಆದರೆ ಸಂದರ್ಶನಕ್ಕೆ ಈ ಲೆಕ್ಕ ಹಿಡಿದುಕೊಂಡು ಹೋಗಬೇಡ, ಆಯ್ಕೆ ಮಂಡಳಿಯವರು ಅರ್ಧ ಗಂಟೆಯಲ್ಲಿ ಕಂಡುಹಿಡಿಯುತ್ತಾರೆ. ಯಾವ ವಿಮಾನಕ್ಕೆ ಹಾಕಬೇಕೆಂಬುದನ್ನು ನಿರ್ಧರಿಸುವುದು ವಾಯುಪಡೆ, ನೀನಲ್ಲ. ಹದಿನಾಲ್ಕು ವರ್ಷ ಬರೀ ಏರ್‌ಲೈನ್‌ಗಾಗಿ ಕಾಯುವುದು ಯಾರಿಂದಲೂ ಆಗದು. ಅಲ್ಲಿನ ಕೆಲಸವೇ ಬೇಕು ಎನ್ನಿಸಿದರೆ ಸೇರು.

ಪ್ರಶ್ನೆ, ಭದ್ರಾವತಿಯಿಂದ: ವಾಯುಪಡೆಯಲ್ಲಿ ಎಂಜಿನ್ ಫಿಟ್ಟರ್ ಆಗಿ ಇಪ್ಪತ್ತು ವರ್ಷ ದುಡಿದೆ. ನಮಗೂ ಹೀಗೆ ದಾರಿ ಇದೆಯೇ?

ಉತ್ತರ: ಇದೆ. ವಿಮಾನ ನಿರ್ವಹಣಾ ಎಂಜಿನಿಯರ್ ಲೈಸೆನ್ಸ್‌ಗೆ ಸೇನೆಯ ಅನುಭವವನ್ನು ಪರಿಗಣಿಸುತ್ತಾರೆ. ಮಾಡ್ಯೂಲ್ ಪರೀಕ್ಷೆಗಳನ್ನು ಬರೆಯಬೇಕು, ನಾಗರಿಕ ವಿಮಾನದ ಮೇಲೂ ಕೆಲಸ ಮಾಡಿದ ಅನುಭವ ತೋರಿಸಬೇಕು. ಹೊರಗೂ ಹಾರುವ ಡಾರ್ನಿಯರ್‌ನಂಥ ವಿಮಾನದಲ್ಲಿ ಕೆಲಸ ಮಾಡಿದ್ದರೆ ಅನುಕೂಲ.

ಪ್ರಶ್ನೆ, ಕೊಪ್ಪದಿಂದ: ನಗೆಯಾಡಬೇಡಿ ಸರ್. ಸೇನೆಯಲ್ಲಿ ಡ್ರೋನ್ ಹಾರಿಸಿ ಬಂದ ನಮ್ಮ ಭಾವ ಅಡಿಕೆ ತೋಟಕ್ಕೆ ಔಷಧಿ ಹೊಡೆಯುವ ವ್ಯಾಪಾರ ಶುರುಮಾಡುತ್ತಾರಂತೆ. ಲೈಸೆನ್ಸ್ ಬೇಕೇ?

ಉತ್ತರ: ನಗುವಂಥದ್ದೇನೂ ಇಲ್ಲ, ಇದೂ ಅದೇ ಕಥೆ. 2021ರ ಡ್ರೋನ್ ನಿಯಮಗಳು ಸೇನೆಗೆ ಅನ್ವಯಿಸುವುದಿಲ್ಲ, ಆದ್ದರಿಂದ ಅಲ್ಲಿನ ಅನುಭವ ಇಲ್ಲಿ ಸರ್ಟಿಫಿಕೇಟ್ ಆಗುವುದಿಲ್ಲ. ಹತ್ತನೇ ತರಗತಿ ಪಾಸಾಗಿ, ವಯಸ್ಸು 18ರಿಂದ 65ರೊಳಗಿದ್ದರೆ, ಡಿಜಿಸಿಎ ಮಾನ್ಯತೆಯ ತರಬೇತಿ ಕೇಂದ್ರದಲ್ಲಿ ಕಲಿತು ರಿಮೋಟ್ ಪೈಲಟ್ ಸರ್ಟಿಫಿಕೇಟ್ ಪಡೆಯಬಹುದು. ಹಾರಿಸುವ ಮುಂಚೆ ಡಿಜಿಟಲ್ ಸ್ಕೈ ಎಂಬ ಸರ್ಕಾರಿ ಜಾಲತಾಣದ ನಕ್ಷೆ ನೋಡಲಿ, ಸೋಗಾನೆಯ ಆಸುಪಾಸಿನ ತೋಟಗಳಲ್ಲಿ ನಿರ್ಬಂಧವಿರುತ್ತದೆ.

ಬಂಡವಾಳ ಹಾಕುವ ಮೊದಲು ಭಾವನವರಿಗೆ ಇನ್ನೊಂದು ಮಾತು ಹೇಳಿ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬೀಳಬೇಕಾದದ್ದು ಗೊನೆಗೆ. ಡ್ರೋನ್ ಮೇಲಿನಿಂದ ಹೊಡೆದದ್ದರಲ್ಲಿ ಬಹುಪಾಲು ಸೋಗೆಗಳ ಮೇಲೇ ನಿಲ್ಲುತ್ತದೆ. ನಮ್ಮ ತೋಟದಲ್ಲಿ ನಾನು ಇನ್ನೂ ಉದ್ದ ಕೋಲಿನ ದೋಟಿಯನ್ನೇ ನೆಚ್ಚಿಕೊಂಡಿದ್ದೇನೆ.